ಗ್ಲೂಆನ್: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಬಲ ಬಲವನ್ನು ಹೊರುವ ಈ ಕಣದ ಬಗ್ಗೆ ಮಾತಿನಲ್ಲಿ, ಪತ್ರಗಳಲ್ಲಿ, ಉಪನ್ಯಾಸ ಮುಗಿದ ಮೇಲೆ ಬಾಗಿಲ ಬಳಿ ನಿಂತು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇವೆ. ಕೆಳಗಿಳಿದಂತೆ ವಿಷಯ ಗಟ್ಟಿಯಾಗುತ್ತದೆ.

ಎರಡು ಅಳತೆಗಳು ಎಲ್ಲ ಕಡೆ ಬರುತ್ತವೆ. ಫರ್ಮಿ ಎಂದರೆ ಒಂದು ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಪ್ರೋಟಾನಿನ ತ್ರಿಜ್ಯ ಸುಮಾರು 0.84 ಫರ್ಮಿ. ಎಂಇವಿ ಎಂದರೆ 10 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅಂಥ ಸಾವಿರ ಸೇರಿದರೆ ಒಂದು ಜಿಇವಿ. ಕಣಗಳ ಶಕ್ತಿಯನ್ನೂ ದ್ರವ್ಯರಾಶಿಯನ್ನೂ ಇವುಗಳಲ್ಲೇ ಹೇಳುತ್ತಾರೆ.

## ಮೊದಲ ಮೆಟ್ಟಿಲು

ಗ್ಲೂಆನ್ ಅಂದ್ರೆ ಏನು? ಹೆಸರಲ್ಲೇ ಅಂಟು ಇದೆಯಲ್ಲ, ನಿಜವಾಗ್ಲೂ ಅಂಟಾ?

ಹೆಸರು ಹುಟ್ಟಿದ್ದು ಇಂಗ್ಲಿಷಿನ ಗ್ಲೂ, ಅಂದರೆ ಗೋಂದು ಎಂಬ ಪದದಿಂದಲೇ. ಪ್ರೋಟಾನಿನೊಳಗಿನ ಕ್ವಾರ್ಕು ಎಂಬ ಇನ್ನೂ ಚಿಕ್ಕ ಕಣಗಳ ನಡುವೆ ಓಡಾಡಿ ಅವನ್ನು ಒಟ್ಟಿಗೆ ಹಿಡಿದಿಡುವ ಕಣ ಗ್ಲೂಆನ್. ಎರಡು ವಿದ್ಯುದಾವೇಶಗಳ ನಡುವೆ ಬೆಳಕಿನ ಕಣ ಫೋಟಾನು ಮಾಡುವ ಕೆಲಸವನ್ನು ಇದು ಕ್ವಾರ್ಕುಗಳ ನಡುವೆ ಮಾಡುತ್ತದೆ. ದ್ರವ್ಯರಾಶಿ ಸೊನ್ನೆ, ವಿದ್ಯುದಾವೇಶ ಸೊನ್ನೆ, ಸ್ಪಿನ್ (ಕಣಕ್ಕೆ ಸಹಜವಾಗಿಯೇ ಇರುವ ಗಿರಕಿಯಂಥ ಗುಣ) 1. ಇಲ್ಲಿಯವರೆಗೆ ಫೋಟಾನಿನ ಅವಳಿಯೇ ಸರಿ.

ಬೇರೆಯಾಗುವುದು ಒಂದೇ ಕಡೆ. ಫೋಟಾನಿಗೆ ವಿದ್ಯುದಾವೇಶ ಇಲ್ಲ, ಹಾಗಾಗಿ ಒಂದು ಫೋಟಾನು ಇನ್ನೊಂದನ್ನು ನೇರವಾಗಿ ಎಳೆಯದು, ತಳ್ಳದು. ಗ್ಲೂಆನಿಗಾದರೋ ತಾನು ಹೊರುವ ಬಲದ ಆವೇಶ ತನಗೇ ಇದೆ. ಅದನ್ನು ‘ಬಣ್ಣ’ ಎನ್ನುತ್ತಾರೆ. ಆದ್ದರಿಂದ ಗ್ಲೂಆನು ಗ್ಲೂಆನನ್ನೇ ಹೊರಸೂಸುತ್ತದೆ, ಗ್ಲೂಆನನ್ನೇ ಎಳೆಯುತ್ತದೆ. ಅಂಚೆಯವನು ಪತ್ರ ಹಂಚುವುದಲ್ಲದೆ ತಾನೂ ಬರೆಯಲು ಕೂತ ಹಾಗೆ. ಮುಂದೆ ಬರುವ ವಿಚಿತ್ರಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹೊರಟವು.

ಕಾಲೇಜಲ್ಲಿ ಪ್ರೋಟಾನ್, ನ್ಯೂಟ್ರಾನ್ ಹಿಡಿದಿಡೋದು ಮೆಸಾನ್ ಅಂತ ಓದಿದ್ದೆ. ಈಗ ಗ್ಲೂಆನ್ ಅಂತೀರಿ. ಯಾವುದು ಸರಿ ಸಾರ್?

ಎರಡೂ ಸರಿ, ಆದರೆ ಬೇರೆ ಬೇರೆ ಮಹಡಿಯಲ್ಲಿ. ಪ್ರೋಟಾನಿನ ಒಳಗೆ ಕ್ವಾರ್ಕುಗಳನ್ನು ಹಿಡಿದಿರುವುದು ಗ್ಲೂಆನ್. ಪ್ರೋಟಾನು, ನ್ಯೂಟ್ರಾನುಗಳನ್ನು ಪರಮಾಣು ಬೀಜದಲ್ಲಿ ಹಿಡಿದಿರುವುದು ಆ ಬಲದ ಹೊರಚೆಲ್ಲಿದ ಶೇಷ.

ಪ್ರೋಟಾನು ಒಟ್ಟಾರೆ ಬಣ್ಣವಿಲ್ಲದ್ದು, ಹಾಗಾಗಿ ಎರಡು ಪ್ರೋಟಾನುಗಳ ನಡುವೆ ಒಂಟಿ ಗ್ಲೂಆನು ಹೋಗಿಬರಲಾರದು. ಹೋಗುವುದು ಕ್ವಾರ್ಕು ಮತ್ತು ಪ್ರತಿಕ್ವಾರ್ಕು (ಆವೇಶಗಳೆಲ್ಲ ತಿರುವುಮುರುವಾದ ಕ್ವಾರ್ಕು) ಜೋಡಿ, ಅಂದರೆ ಪಯಾನಿನಂಥ ಮೆಸಾನ್. ಮನೆಯ ಗೋಡೆಗೆ ಹಲ್ಲಿ ಅಂಟಿಕೊಳ್ಳುವುದೂ ಇದೇ ಬಗೆ: ಕಾಲಿನ ಅಣುಗಳೂ ಗೋಡೆಯ ಅಣುಗಳೂ ವಿದ್ಯುತ್ತಿನ ದೃಷ್ಟಿಯಲ್ಲಿ ತಟಸ್ಥ, ಆದರೂ ತೀರಾ ಹತ್ತಿರ ಬಂದಾಗ ಒಳಗಿನ ವಿದ್ಯುದ್ಬಲ ಅಷ್ಟಿಷ್ಟು ಹೊರಗೆ ತಾಗುತ್ತದೆ.

ಹಿದೆಕಿ ಯುಕಾವಾ 1935ರಲ್ಲೇ ಇಂಥ ಕಣ ಇರಬೇಕೆಂದು ಲೆಕ್ಕ ಹಾಕಿದ್ದರು; ಪಯಾನು 1947ರಲ್ಲಿ ಸಿಕ್ಕಿತು. ಅದರ ದ್ರವ್ಯರಾಶಿ ಸುಮಾರು 140 ಎಂಇವಿ. ಬಲದ ವ್ಯಾಪ್ತಿ ಬೇಕಾದರೆ ಎಂಇವಿಯನ್ನು ಫರ್ಮಿಗೆ ತಿರುಗಿಸುವ 197 ಎಂಬ ಸಂಖ್ಯೆಯನ್ನು ಇದರಿಂದ ಭಾಗಿಸಿ: 1.4 ಫರ್ಮಿ. ಪರಮಾಣು ಬೀಜದ ಬಲ ಅಕ್ಕಪಕ್ಕದ ಕಣವನ್ನಷ್ಟೇ ಮುಟ್ಟುವುದು ಇದೇ ಕಾರಣಕ್ಕೆ.

‘ಪ್ರಬಲ’ ಅಂದ್ರೆ ಎಷ್ಟು ಪ್ರಬಲ? ಕೈಗೆ ಸಿಗೋ ಹಾಗೆ ಹೇಳಿ.

ಒಂದು ಫರ್ಮಿ ದೂರದಲ್ಲಿರುವ ಎರಡು ಪ್ರೋಟಾನುಗಳು ವಿದ್ಯುತ್ತಿನಿಂದ ಒಂದನ್ನೊಂದು ತಳ್ಳುವ ಬಲ ಸುಮಾರು 230 ನ್ಯೂಟನ್. 25 ಕೆಜಿ ಅಕ್ಕಿ ಮೂಟೆಯ ಭಾರಕ್ಕಿಂತ ತುಸು ಕಡಿಮೆ. ಕಣ್ಣಿಗೆ ಕಾಣದ ಎರಡು ಕಣಗಳ ನಡುವೆ ಇಷ್ಟು ಎಂಬುದೇ ದೊಡ್ಡದು.

ಈಗ ಕ್ವಾರ್ಕುಗಳತ್ತ ಬನ್ನಿ. ಒಂದು ಕ್ವಾರ್ಕು, ಒಂದು ಪ್ರತಿಕ್ವಾರ್ಕನ್ನು ಎಳೆದು ದೂರ ಮಾಡಲು ಪ್ರತಿ ಫರ್ಮಿಗೆ ಸುಮಾರು 0.9 ಜಿಇವಿ ಶಕ್ತಿ ಬೇಕು. ಬಲಕ್ಕೆ ಪರಿವರ್ತಿಸಿದರೆ ಸುಮಾರು 1.4 ಲಕ್ಷ ನ್ಯೂಟನ್: ಹದಿನಾಲ್ಕು, ಹದಿನೈದು ಟನ್ ಭಾರ. ಅಂದರೆ ಒಂದು ಲಾರಿಯಷ್ಟು ತೂಕ, ಒಂದೇ ಜೋಡಿಯ ಮೇಲೆ.

ಬಣ್ಣ ಅಂತೀರಲ್ಲ, ಕ್ವಾರ್ಕಿಗೆ ಕೆಂಪು, ಹಸಿರು, ನೀಲಿ ಹಚ್ಚಿರ್ತಾರಾ?

ಇಲ್ಲ. ಕಣ್ಣಿಗೆ ಕಾಣುವ ಬಣ್ಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ವಿದ್ಯುದಾವೇಶದಲ್ಲಿ ಧನ ಋಣ ಎಂದು ಒಂದೇ ಬಗೆ. ಪ್ರಬಲ ಬಲದ ಆವೇಶದಲ್ಲಿ ಮೂರು ಬಗೆ. ಮೂರೂ ಸೇರಿದರೆ ಸೊನ್ನೆಯಾಗುತ್ತದೆ, ಕೆಂಪು ಹಸಿರು ನೀಲಿ ಬೆಳಕು ಸೇರಿದರೆ ಬಿಳಿಯಾಗುವಂತೆ. ಹೆಸರಿಗೆ ಅಷ್ಟೇ ನೆಪ.

ಮೂರೇ ಏಕೆ ಎಂಬುದು ಮುಖ್ಯ ಪ್ರಶ್ನೆ. ಡೆಲ್ಟಾ ಪ್ಲಸ್ ಪ್ಲಸ್ ಎಂಬ ಕಣದಲ್ಲಿ ಮೂರು ಅಪ್ ಕ್ವಾರ್ಕುಗಳು (ಅಪ್ ಎಂಬುದು ಕ್ವಾರ್ಕಿನ ಆರು ಬಗೆಗಳಲ್ಲಿ ಒಂದು) ಒಂದೇ ಸ್ಥಿತಿಯಲ್ಲಿ, ಒಂದೇ ದಿಕ್ಕಿನ ಸ್ಪಿನ್ನಿನಲ್ಲಿ ಕೂತಿವೆ. ಒಂದೇ ಬಗೆಯ ಎರಡು ಕ್ವಾರ್ಕುಗಳು ಒಂದೇ ಸ್ಥಿತಿಯಲ್ಲಿ ಇರಬಾರದೆನ್ನುವ ಪೌಲಿ ನಿಯಮ ಇದನ್ನು ಒಪ್ಪದು. ಮೂರಕ್ಕೂ ಬೇರೆ ಬೇರೆ ಗುರುತು ಇರಬೇಕು. ಈ ದಾರಿಯನ್ನು 1964ರಲ್ಲಿ ಗ್ರೀನ್‌ಬರ್ಗ್, 1965ರಲ್ಲಿ ಹಾನ್ ಮತ್ತು ನಂಬು ತೋರಿಸಿದರು.

ಇದನ್ನು ಎಣಿಸಿಯೂ ನೋಡಬಹುದು. ಎಲೆಕ್ಟ್ರಾನು ಮತ್ತು ಅದರ ಪ್ರತಿಕಣ ಪಾಸಿಟ್ರಾನು ಡಿಕ್ಕಿಯಲ್ಲಿ ಕ್ವಾರ್ಕು ಜೋಡಿಗಳು ಮ್ಯೂಆನು (ಎಲೆಕ್ಟ್ರಾನಿನ ಭಾರದ ಸೋದರ) ಜೋಡಿಗಳ ಎಷ್ಟು ಪಟ್ಟು ಹುಟ್ಟುತ್ತವೆ? ಅಪ್, ಡೌನ್, ಸ್ಟ್ರೇಂಜ್ ಮೂರರ ಆವೇಶಗಳ ವರ್ಗ ಕೂಡಿಸಿ: 4/9 + 1/9 + 1/9 = 2/3. ಬಣ್ಣ ಇಲ್ಲದಿದ್ದರೆ ಉತ್ತರ ಇಷ್ಟೇ ಬರಬೇಕು. ಪ್ರಯೋಗದಲ್ಲಿ ಬರುವುದು 2ರ ಆಸುಪಾಸು, ಅಂದರೆ ಮೂರು ಪಟ್ಟು.

## ಲೆಕ್ಕ ತಪ್ಪುವ ಜಾಗಗಳು

ಮೂರು ಬಣ್ಣ, ಮೂರು ವಿರುದ್ಧ ಬಣ್ಣ. 3 ಗುಣಿಸು 3 ಅಂದ್ರೆ 9 ಗ್ಲೂಆನ್ ಆಗ್ಬೇಕಲ್ಲ? 8 ಅಂತ ಯಾಕೆ?

ಪ್ರತಿ ಗ್ಲೂಆನು ಒಂದು ಬಣ್ಣವನ್ನೂ ಒಂದು ವಿರುದ್ಧ ಬಣ್ಣವನ್ನೂ ಹೊರುತ್ತದೆ. ಕೆಂಪು ಕ್ವಾರ್ಕು ಹಸಿರಾಗಬೇಕಾದರೆ ಕೆಂಪು ಮತ್ತು ವಿರುದ್ಧ ಹಸಿರು ಹೊತ್ತ ಗ್ಲೂಆನು ಹೊರಡುತ್ತದೆ. ಹೀಗೆ ಜೋಡಿಸಿದರೆ 9 ಸಾಧ್ಯತೆಗಳು. ಅದರಲ್ಲಿ ಒಂದು ವಿಶೇಷ: ಕೆಂಪು‑ವಿರುದ್ಧ ಕೆಂಪು, ಹಸಿರು‑ವಿರುದ್ಧ ಹಸಿರು, ನೀಲಿ‑ವಿರುದ್ಧ ನೀಲಿ ಮೂರೂ ಸಮವಾಗಿ ಬೆರೆತ ಮಿಶ್ರಣ. ಅದಕ್ಕೆ ಬಣ್ಣವೇ ಇಲ್ಲ.

ಅಂಥ ಗ್ಲೂಆನು ಇದ್ದಿದ್ದರೆ ಯಾವ ಬಂಧನವೂ ಇಲ್ಲದೆ ಪ್ರೋಟಾನಿನಿಂದ ಹೊರಬಂದು, ಫೋಟಾನಿನಂತೆ ಎಷ್ಟು ದೂರ ಬೇಕಾದರೂ ಹೋಗುತ್ತಿತ್ತು. ಭೂಮಿಗೂ ಚಂದ್ರನಿಗೂ ನಡುವೆ ಪ್ರಬಲ ಬಲ ಕೆಲಸ ಮಾಡಬೇಕಾಗಿತ್ತು. ಹಾಗಾಗಿಲ್ಲ. ಗಣಿತದ ಭಾಷೆಯಲ್ಲಿ ಇದು ಎಸ್‌ಯು(3) ಎಂಬ ಸಮಮಿತಿ, ಅದರ ಲೆಕ್ಕ 3ರ ವರ್ಗ ಕಳೆ 1. ಉಳಿದ 8ರಲ್ಲಿ ಆರು ಬಣ್ಣ ಬದಲಿಸುವಂಥವು, ಎರಡು ಬದಲಿಸದ ಮಿಶ್ರಣಗಳು. ಕೆಂಪು‑ವಿರುದ್ಧ ಕೆಂಪು ಎಂಬ ಗ್ಲೂಆನು ಒಂದು ಪ್ರತ್ಯೇಕ ಕಣ ಎಂದು ಚಿತ್ರ ಬಿಡಿಸುವುದು ತಪ್ಪು. ಹಲವು ಚಾರ್ಟುಗಳಲ್ಲಿ ಈ ತಪ್ಪು ಇದೆ.

ತೂಕ ಸೊನ್ನೆ ಅಂದ್ಮೇಲೆ ಗ್ಲೂಆನ್ ಬೆಳಕಿನ ಹಾಗೆ ದೂರ ಹೋಗ್ಬೇಕಲ್ವಾ? ಮತ್ಯಾಕೆ ಬೀಜದೊಳಗೇ ಮುಗಿಯುತ್ತೆ?

ಹಗುರ ಕಣ ಎಂದರೆ ದೂರದ ಬಲ ಎಂಬ ಸೂತ್ರ ಫೋಟಾನಿಗೆ ಸರಿ. ದುರ್ಬಲ ಬಲದ ಡಬ್ಲ್ಯೂ ಕಣಕ್ಕೂ ಸರಿ. ಅದು ಭಾರ, ಹಾಗಾಗಿ ವ್ಯಾಪ್ತಿ ಕಿರಿದು. ಗ್ಲೂಆನಿಗೆ ಈ ಸೂತ್ರ ನಿಲ್ಲದು, ಏಕೆಂದರೆ ದಾರಿಯಲ್ಲಿ ಅದು ಒಂಟಿಯಾಗಿ ಉಳಿಯುವುದೇ ಇಲ್ಲ. ವಿದ್ಯುತ್ ಕ್ಷೇತ್ರದ ರೇಖೆಗಳು ದೂರ ಹೋದಂತೆ ಛತ್ರಿಯಂತೆ ಹರಡುತ್ತವೆ, ತೆಳುವಾಗುತ್ತವೆ. ಗ್ಲೂಆನುಗಳು ಒಂದನ್ನೊಂದು ಎಳೆಯುವುದರಿಂದ ಬಣ್ಣದ ಕ್ಷೇತ್ರದ ರೇಖೆಗಳು ಹರಡದೆ ಹುರಿಗೊಂಡ ಹಗ್ಗದಂತೆ ಒಂದು ಕೊಳವೆಯಾಗುತ್ತವೆ. ಬಣ್ಣವುಳ್ಳ ಯಾವುದೂ ಈ ಹಗ್ಗದಿಂದ ಬಿಡಿಸಿಕೊಂಡು ಹೋಗಲಾರದು, ಗ್ಲೂಆನೂ ಸೇರಿದಂತೆ.

ಹಗ್ಗ ಅಂದ್ರೆ ತುಂಡು ಮಾಡಬಹುದಲ್ಲ? ಜೋರಾಗಿ ಎಳೆದು ಒಂದೇ ಒಂದು ಕ್ವಾರ್ಕ್ ಹೊರತೆಗೆಯೋಕೆ ಆಗಲ್ವಾ?

ಹಗ್ಗ ತುಂಡಾಗುತ್ತದೆ, ಒಂಟಿ ಕ್ವಾರ್ಕು ಮಾತ್ರ ಸಿಗದು. ಎಳೆಯುತ್ತ ಹೋದಂತೆ ಹಗ್ಗದಲ್ಲಿ ಶಕ್ತಿ ತುಂಬುತ್ತದೆ. ಒಂದು ಫರ್ಮಿಗಿಂತ ತುಸು ಹೆಚ್ಚು ಎಳೆಯುವ ಹೊತ್ತಿಗೆ ಆ ಶಕ್ತಿ ಹೊಸ ಕ್ವಾರ್ಕು, ಪ್ರತಿಕ್ವಾರ್ಕು ಜೋಡಿ ಹುಟ್ಟಿಸಲು ಸಾಕಾಗುತ್ತದೆ. ತುಂಡಾದ ಎರಡೂ ತುದಿಗಳಿಗೆ ಹೊಸ ಕ್ವಾರ್ಕುಗಳು ಅಂಟಿಕೊಂಡು ಒಂದು ಮೆಸಾನು ಎರಡಾಗುತ್ತದೆ. ಕಾಂತವನ್ನು ಎಷ್ಟು ಬಾರಿ ಮುರಿದರೂ ಪ್ರತಿ ತುಂಡಿಗೂ ಉತ್ತರ, ದಕ್ಷಿಣ ಎರಡೂ ಧ್ರುವ ಉಳಿಯುವಂತೆ.

ಹತ್ತಿರ ಹೋದಷ್ಟೂ ಬಲ ಕಡಿಮೆ ಅಂತ ಓದಿದೆ, ರಬ್ಬರ್ ಬ್ಯಾಂಡ್ ಥರ. ನಿಜಾನಾ?

ಅರ್ಧ ನಿಜ. ರಬ್ಬರ್ ಬ್ಯಾಂಡಿನ ಹೋಲಿಕೆ ಇಲ್ಲಿ ಎಷ್ಟೋ ಜನರನ್ನು ದಾರಿ ತಪ್ಪಿಸಿದೆ. ಹತ್ತಿರ ಹೋದಂತೆ ಕುಗ್ಗುವುದು ಬಲವಲ್ಲ, ಬಲದ ಹಿಂದಿನ ಗುಣಾಂಕ. ತೀರಾ ಸನಿಹದಲ್ಲಿ ಕ್ವಾರ್ಕುಗಳ ನಡುವಿನ ಬಲ ದೂರದ ವರ್ಗಕ್ಕೆ ವಿಲೋಮವಾಗಿ ಏರುತ್ತಲೇ ಇರುತ್ತದೆ, ವಿದ್ಯುದ್ಬಲದಂತೆ. ಗುಣಾಂಕ ಕುಗ್ಗುವುದರಿಂದ ಆ ಏರಿಕೆ ಸ್ವಲ್ಪ ನಿಧಾನ, ಅಷ್ಟೇ. ದೂರ ಹೋದಾಗ ಬಲ ಸೊನ್ನೆಯತ್ತ ಇಳಿಯುವ ಬದಲು ಮೇಲೆ ಹೇಳಿದ ಲಾರಿ ತೂಕದಲ್ಲಿ ನಿಂತುಬಿಡುತ್ತದೆ.

ಗುಣಾಂಕದ ಹೆಸರು ಆಲ್ಫಾ ಎಸ್. ಸುಮಾರು 1.8 ಜಿಇವಿ ಶಕ್ತಿಯಲ್ಲಿ ಅದು 0.3ರ ಆಸುಪಾಸು, 91 ಜಿಇವಿಯಲ್ಲಿ 0.118. ವಿದ್ಯುತ್ತಿನ ಇದೇ ಗುಣಾಂಕ ಸುಮಾರು 1/137. ಗುಣಾಂಕ ಹೀಗೆ ಕುಗ್ಗುವುದಕ್ಕೆ ಅಸಿಂಪ್ಟೋಟಿಕ್ ಫ್ರೀಡಂ ಎಂದು ಹೆಸರು. ಡೇವಿಡ್ ಗ್ರಾಸ್, ಫ್ರಾಂಕ್ ವಿಲ್ಚೆಕ್, ಡೇವಿಡ್ ಪೊಲಿಟ್ಸರ್ 1973ರಲ್ಲಿ ಇದನ್ನು ತೋರಿಸಿದರು, 2004ರಲ್ಲಿ ನೊಬೆಲ್ ಪಡೆದರು.

ಕಾರಣ ಒಂದು ಕಳೆಯುವ ಲೆಕ್ಕದಲ್ಲಿದೆ: 33 ಕಳೆ ಕ್ವಾರ್ಕು ಬಗೆಗಳ ಎರಡು ಪಟ್ಟು. 33 ಗ್ಲೂಆನುಗಳ ಪಾಲು, ಕ್ವಾರ್ಕುಗಳು ಅದಕ್ಕೆ ಎದುರಾಗಿ ಎಳೆಯುತ್ತವೆ. ನಮ್ಮಲ್ಲಿ 6 ಬಗೆಯ ಕ್ವಾರ್ಕು, ಆದ್ದರಿಂದ ಉತ್ತರ 21, ಧನ. ಕ್ವಾರ್ಕು ಬಗೆಗಳು 17 ಇದ್ದಿದ್ದರೆ ಉತ್ತರ ಋಣವಾಗಿ ಎಲ್ಲ ತಲೆಕೆಳಗಾಗುತ್ತಿತ್ತು.

ತೂಕ ಕೊಡೋದು ಹಿಗ್ಸ್ ಬೋಸಾನ್ ಅಂತಾರಲ್ಲ. ನನ್ನ ತೂಕದಲ್ಲಿ ಗ್ಲೂಆನಿನ ಪಾಲೆಷ್ಟು?

ಅಪ್ ಕ್ವಾರ್ಕಿನ ದ್ರವ್ಯರಾಶಿ ಸುಮಾರು 2.2 ಎಂಇವಿ, ಡೌನ್ 4.7. ಪ್ರೋಟಾನಿನಲ್ಲಿ ಎರಡು ಅಪ್, ಒಂದು ಡೌನ್: ಕೂಡಿದರೆ 9 ಚಿಲ್ಲರೆ. ಪ್ರೋಟಾನಿನ ದ್ರವ್ಯರಾಶಿ 938. ಹಿಗ್ಸ್ ಕ್ಷೇತ್ರ ಕ್ವಾರ್ಕುಗಳಿಗೆ ಕೊಟ್ಟದ್ದು ನೂರಕ್ಕೆ ಒಂದರಷ್ಟು ಮಾತ್ರ. 60 ಕೆಜಿ ತೂಗುವವರಲ್ಲಿ ಹಿಗ್ಸ್‌ನದು ಸುಮಾರು 600 ಗ್ರಾಂ.

ಉಳಿದದ್ದು ಗ್ಲೂಆನು ಕ್ಷೇತ್ರದ ಶಕ್ತಿ ಮತ್ತು ಆ ಸೆರೆಯೊಳಗೆ ಓಡಾಡುವ ಕ್ವಾರ್ಕುಗಳ ಚಲನೆಯ ಶಕ್ತಿ. ದ್ರವ್ಯರಾಶಿಯೇ ಇಲ್ಲದ ಕಣ ದ್ರವ್ಯರಾಶಿಯ ದೊಡ್ಡ ಪಾಲಿಗೆ ಕಾರಣ ಎನ್ನುವುದು ವಿಚಿತ್ರವಾಗಿ ಕೇಳುತ್ತದೆ. ಆದರೆ ಐನ್‌ಸ್ಟೈನರ ಸಮೀಕರಣ ಕೇಳುವುದು ಪೆಟ್ಟಿಗೆಯೊಳಗಿನ ಒಟ್ಟು ಶಕ್ತಿ ಎಷ್ಟು ಎಂದೇ ಹೊರತು, ಒಳಗಿರುವವರ ತೂಕ ಎಷ್ಟು ಎಂದಲ್ಲ.

## ಹಿಡಿದದ್ದು ಹೇಗೆ, ಅಳೆದದ್ದು ಹೇಗೆ

ಹೊರಗೇ ಬರದ ಕಣವನ್ನ ಕಂಡುಹಿಡಿದೆವು ಅಂತ ಹೇಗೆ ಹೇಳ್ತೀರಿ?

ಹೆಜ್ಜೆಗುರುತಿನಿಂದ. ಎಲೆಕ್ಟ್ರಾನು, ಪಾಸಿಟ್ರಾನು ಡಿಕ್ಕಿ ಹೊಡೆದು ಕ್ವಾರ್ಕು, ಪ್ರತಿಕ್ವಾರ್ಕು ಹುಟ್ಟಿದಾಗ ಅವು ಎದುರುಬದುರಾಗಿ ಹಾರುತ್ತವೆ. ನಡುವಿನ ಹಗ್ಗ ಹರಿದು ಹರಿದು ಪ್ರತಿ ದಿಕ್ಕಿನಲ್ಲೂ ಕಣಗಳ ಒಂದು ಚಿಲುಮೆ ಬರುತ್ತದೆ. ಅದಕ್ಕೆ ಜೆಟ್ ಎನ್ನುತ್ತಾರೆ. ಒಮ್ಮೊಮ್ಮೆ ಒಂದು ಕ್ವಾರ್ಕು ಹಾರುವಾಗಲೇ ಜೋರಾದ ಗ್ಲೂಆನನ್ನು ಎಸೆಯುತ್ತದೆ. ಆಗ ಮೂರನೆಯ ಜೆಟ್ ಬರಬೇಕು ಎಂದು ಜಾನ್ ಎಲಿಸ್, ಮೇರಿ ಗೆಯಾರ್, ಗ್ರಹಾಂ ರಾಸ್ 1976ರಲ್ಲಿ ಲೆಕ್ಕ ಹಾಕಿದರು.

ಜರ್ಮನಿಯ ಹ್ಯಾಂಬರ್ಗಿನ ಡೆಸಿ ಪ್ರಯೋಗಾಲಯದಲ್ಲಿ 2.3 ಕಿಲೋಮೀಟರ್ ಸುತ್ತಳತೆಯ ಪೆಟ್ರಾ ಯಂತ್ರ 1978ರಲ್ಲಿ ಶುರುವಾಯಿತು. 1979ರ ಬೇಸಿಗೆಯಲ್ಲಿ 27 ಜಿಇವಿಯಿಂದ ಮೇಲಿನ ಶಕ್ತಿಯಲ್ಲಿ ಮೂರು ಜೆಟ್‌ಗಳು ಕಂಡವು. ಮೊದಲು ತೋರಿಸಿದ್ದು ಟ್ಯಾಸೋ ತಂಡ. ಮಾರ್ಕ್ ಜೆ, ಪ್ಲೂಟೋ, ಜೇಡ್ ತಂಡಗಳೂ ಕೆಲವೇ ವಾರಗಳಲ್ಲಿ ಅದನ್ನೇ ಕಂಡವು. ನಾಲ್ಕು ಬೇರೆ ಬೇರೆ ಡಿಟೆಕ್ಟರುಗಳು ಒಂದೇ ಮಾತು ಹೇಳಿದ ಮೇಲೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಮೂರು ಗುಂಪು ಕಂಡ ಮಾತ್ರಕ್ಕೆ ಗ್ಲೂಆನ್ ಅಂತ ಹೇಳಬಹುದಾ? ಲೆಕ್ಕ ಹೇಗೆ ಮಾಡ್ತಾರೆ?

ಒಂದು ಘಟನೆ, ಅಂದರೆ ಒಂದು ಡಿಕ್ಕಿ, ನೋಡಿ ಹೇಳಲಾಗದು. ಸಾವಿರಾರು ಬೇಕು. ಕ್ರಮ ಹೀಗೆ.

ಮೊದಲು ಎಲ್ಲ ಕಣಗಳ ಸಂವೇಗ ಕೂಡಿಸಿ. ಎಲೆಕ್ಟ್ರಾನು, ಪಾಸಿಟ್ರಾನು ಸಮ ವೇಗದಲ್ಲಿ ಎದುರಾಗುವುದರಿಂದ ಮೊತ್ತ ಸೊನ್ನೆಯ ಹತ್ತಿರ ಬರಬೇಕು. ಬಾರದಿದ್ದರೆ ಯಾವುದೋ ಕಣ ಯಂತ್ರದ ಕಿರಣ ಹಾಯುವ ಕೊಳವೆಯೊಳಗೆ ತಪ್ಪಿಸಿಕೊಂಡಿದೆ, ಆ ಘಟನೆ ಬಿಡಿ. ಆಮೇಲೆ ಘಟನೆಯ ಸಮತಲ ಹುಡುಕಿ. ಸಂವೇಗ ಉಳಿಯಬೇಕಾದ್ದರಿಂದ ಮೂರು ಜೆಟ್‌ಗಳು ಒಂದೇ ಸಮತಲದಲ್ಲಿ ಇರಲೇಬೇಕು: ಆ ಸಮತಲದಲ್ಲಿ ಹರಡು ದೊಡ್ಡದು, ಅದಕ್ಕೆ ಲಂಬವಾಗಿ ಹರಡು ಚಿಕ್ಕದು. ಎರಡು ಜೆಟ್‌ಗಳೇ ಆಕಸ್ಮಿಕವಾಗಿ ದಪ್ಪವಾಗಿದ್ದರೆ ಎರಡೂ ಕಡೆ ಒಂದೇ ಹರಡು ಬರುತ್ತದೆ. ನಿಜವಾದ ಸಾಕ್ಷಿ ಈ ಹೋಲಿಕೆಯಲ್ಲಿದೆ.

ಜೆಟ್‌ಗಳ ಶಕ್ತಿಯನ್ನು ನೇರ ಅಳೆಯುವುದಕ್ಕಿಂತ ಕೋನಗಳಿಂದ ತೆಗೆಯುವುದು ನಿಖರ. ಒಂದು ಜೆಟ್‌ನ ಶಕ್ತಿ ಉಳಿದ ಎರಡು ಜೆಟ್‌ಗಳ ನಡುವಿನ ಕೋನದ ಸೈನಿಗೆ ಅನುಪಾತ. ಒಟ್ಟು ಶಕ್ತಿ 30 ಜಿಇವಿ, ಕೋನಗಳು 150, 130, 80 ಡಿಗ್ರಿ ಎನ್ನಿ. ಸೈನುಗಳು 0.500, 0.766, 0.985, ಮೊತ್ತ 2.251. ಪ್ರತಿಯೊಂದನ್ನೂ ಮೊತ್ತದಿಂದ ಭಾಗಿಸಿ 30ರಿಂದ ಗುಣಿಸಿದರೆ 6.7, 10.2, 13.1 ಜಿಇವಿ. ಇಲ್ಲಿ 6.7ರ ಜೆಟ್ ಗ್ಲೂಆನಿನದಾಗಿರುವ ಸಂಭವ ಹೆಚ್ಚು, ಆದರೆ ಖಾತರಿ ಇಲ್ಲ.

ಎಡವುವ ಜಾಗಗಳು ಮೂರು. ಬಾಟಂ ಕ್ವಾರ್ಕಿನ ಕಣ ಒಡೆದಾಗ ಜೆಟ್ ಅಗಲವಾಗಿ ಮೂರನೆಯದರಂತೆ ಕಾಣಬಹುದು. ಡಿಕ್ಕಿಗೆ ಮೊದಲೇ ಎಲೆಕ್ಟ್ರಾನು ಫೋಟಾನನ್ನು ಎಸೆದರೆ ಇಡೀ ಘಟನೆ ಒಂದು ಕಡೆಗೆ ವಾಲುತ್ತದೆ. ಕಣಗಳು ನಾಲ್ಕೈದೇ ಇದ್ದರೆ ಯಾವುದನ್ನು ಬೇಕಾದರೂ ಮೂರು ಗುಂಪು ಮಾಡಬಹುದು. ಆದ್ದರಿಂದ ಕನಿಷ್ಠ ಎಣಿಕೆಯ ಮಿತಿ ಇಡುತ್ತಾರೆ.

ಸರಿ, ಮೂರನೇ ಕಣ ಇದೆ. ಅದರ ಸ್ಪಿನ್ 1 ಅಂತ ಹೇಗೆ ಗೊತ್ತಾಯ್ತು?

ಎಲಿಸ್ ಮತ್ತು ಕಾರ್ಲಿನರ್ ಸೂಚಿಸಿದ ಒಂದು ಕೋನದಿಂದ. ಅತಿ ಹೆಚ್ಚು ಶಕ್ತಿಯ ಜೆಟ್ ಬಿಟ್ಟು ಉಳಿದೆರಡು ಜೆಟ್‌ಗಳ ಒಟ್ಟು ಸಂವೇಗ ಸೊನ್ನೆಯಾಗಿ ಕಾಣುವ ನೋಟಕ್ಕೆ ಲೆಕ್ಕ ಬದಲಿಸಿ, ಅಲ್ಲಿ ಅವು ಮೊದಲ ಜೆಟ್‌ನ ದಿಕ್ಕಿಗೆ ಮಾಡುವ ಕೋನ ನೋಡಬೇಕು. ಸ್ಪಿನ್ 0 ಆಗಿದ್ದರೆ ಒಂದು ಹಂಚಿಕೆ, 1 ಆಗಿದ್ದರೆ ಇನ್ನೊಂದು. 1980ರಲ್ಲಿ ಟ್ಯಾಸೋ ದತ್ತಾಂಶ ಸ್ಪಿನ್ 1ರ ಪರವಾಗಿ ಬಂತು.

ಗ್ಲೂಆನ್ ಜೆಟ್ ಯಾವುದು, ಕ್ವಾರ್ಕ್ ಜೆಟ್ ಯಾವುದು ಅಂತ ನೋಡಿದ ಕೂಡಲೇ ಹೇಳಬಹುದಾ?

ನೋಡಿದ ಕೂಡಲೇ ಆಗದು, ಸರಾಸರಿಯಲ್ಲಿ ಹೇಳಬಹುದು. ಬಣ್ಣದ ಗುಣಾಂಕ ಗ್ಲೂಆನಿಗೆ 3, ಕ್ವಾರ್ಕಿಗೆ 4/3. ಅಂದರೆ ಗ್ಲೂಆನು ಹೊಸ ಗ್ಲೂಆನುಗಳನ್ನು ಎಸೆಯುವ ಪ್ರವೃತ್ತಿ 9/4 ಪಟ್ಟು ಹೆಚ್ಚು. ಆದ್ದರಿಂದ ಗ್ಲೂಆನ್ ಜೆಟ್ ಅಗಲ, ಕಣಗಳು ಹೆಚ್ಚು, ಒಂದೊಂದರ ಶಕ್ತಿ ಕಡಿಮೆ. ಕ್ವಾರ್ಕ್ ಜೆಟ್ ಸಪೂರ, ಒಂದೆರಡು ಕಣಗಳೇ ಹೆಚ್ಚು ಶಕ್ತಿ ಹೊತ್ತಿರುತ್ತವೆ.

ಎಣಿಸಿದಾಗ ಮಾತ್ರ ನೇರ 2.25 ಪಟ್ಟು ಸಿಗದು. ಆ ಸಂಖ್ಯೆ ಅತಿ ಹೆಚ್ಚು ಶಕ್ತಿಯ ಮಿತಿಯದು. ಜಿನೀವಾ ಬಳಿಯ ಎಲ್‌ಇಪಿ ಯಂತ್ರದಲ್ಲಿ ಸಿಕ್ಕ ಅನುಪಾತ 1.5ರ ಸುತ್ತಮುತ್ತ. ಸಿದ್ಧಾಂತ ತಪ್ಪಿತೆಂದು ಗಾಬರಿ ಬೀಳುವ ವಿದ್ಯಾರ್ಥಿಗಳು ಈ ಮಿತಿಯನ್ನು ಮರೆತಿರುತ್ತಾರೆ.

ಎಲ್‌ಎಚ್‌ಸಿಯಲ್ಲಿ ಪ್ರೋಟಾನ್ ಪ್ರೋಟಾನ್ ಡಿಕ್ಕಿ ಅಂತೀರಿ. ಒಳಗೆ ನಿಜವಾಗಿ ಡಿಕ್ಕಿ ಹೊಡೆಯೋದು ಯಾರು?

ಎಲ್‌ಎಚ್‌ಸಿ ಎಂದರೆ ಜಿನೀವಾ ಬಳಿಯ ದೊಡ್ಡ ಡಿಕ್ಕಿ ಯಂತ್ರ. ಅಲ್ಲಿ ಡಿಕ್ಕಿ ಹೊಡೆಯುವುದು ಬಹುಪಾಲು ಗ್ಲೂಆನುಗಳೇ. ವೇಗವಾಗಿ ಓಡುವ ಪ್ರೋಟಾನಿನ ಒಟ್ಟು ಸಂವೇಗದಲ್ಲಿ ಸುಮಾರು ಅರ್ಧ ಗ್ಲೂಆನುಗಳದ್ದು. ಇನ್ನೂ ಚಿಕ್ಕ ಪಾಲಿನ ಸಂವೇಗ ಹೊತ್ತವರನ್ನು ಹುಡುಕಿದರೆ ಗ್ಲೂಆನುಗಳ ಸಂಖ್ಯೆ ಕಡಿದಾಗಿ ಏರುತ್ತದೆ. ಹ್ಯಾಂಬರ್ಗಿನ 6.3 ಕಿಲೋಮೀಟರಿನ ಹೇರಾ ಯಂತ್ರ 1992ರಿಂದ 2007ರವರೆಗೆ ಈ ಏರಿಕೆಯನ್ನು ಅಳೆಯಿತು. ಎಲ್‌ಎಚ್‌ಸಿಯ ಪ್ರತಿ ಲೆಕ್ಕವೂ ಅದರ ಮೇಲೆ ನಿಂತಿದೆ. ಅಲ್ಲಿ ಹುಟ್ಟುವ ಹಿಗ್ಸ್ ಬೋಸಾನುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಎರಡು ಗ್ಲೂಆನುಗಳು ಸೇರಿ ಹುಟ್ಟಿದವು. ಗ್ಲೂಆನಿಗೆ ದ್ರವ್ಯರಾಶಿ ಇಲ್ಲದ್ದರಿಂದ ಅದು ಹಿಗ್ಸ್ ಅನ್ನು ನೇರ ಮುಟ್ಟಲಾರದು. ನಡುವೆ ಟಾಪ್ ಕ್ವಾರ್ಕಿನ ಒಂದು ಸುತ್ತು ಮಧ್ಯಸ್ಥಿಕೆ ವಹಿಸುತ್ತದೆ.

## ಆಳಕ್ಕೆ ಇಳಿದವರಿಗೆ

ಬೆಳಕಿನ ಕಣದೊಳಗೂ ಗ್ಲೂಆನ್ ಇದೆ ಅಂತ ಯಾರೋ ಹೇಳಿದ್ರು. ತಮಾಷೆನಾ?

ತಮಾಷೆಯಲ್ಲ. ಫೋಟಾನು ಕ್ಷಣಕಾಲ ಕ್ವಾರ್ಕು, ಪ್ರತಿಕ್ವಾರ್ಕು ಜೋಡಿಯಾಗಿ ಒಡೆಯಬಹುದು. ಆ ಜೋಡಿ ಗ್ಲೂಆನುಗಳನ್ನು ಎಸೆಯುತ್ತದೆ. ಆ ಹೊತ್ತಿಗೆ ಇನ್ನೊಂದು ಕಣ ಬಂದು ತಾಗಿದರೆ ಫೋಟಾನಿನೊಳಗಿನ ಗ್ಲೂಆನಿಗೇ ಡಿಕ್ಕಿ. ಈ ಬಗೆಯ ಡಿಕ್ಕಿಗಳಿಂದ ಎಷ್ಟು ಜೆಟ್ ಬರುತ್ತವೆ, ಮುಂದಿನ ಯಂತ್ರಗಳಲ್ಲಿ ಅವು ಎಷ್ಟು ಗದ್ದಲ ಎಬ್ಬಿಸುತ್ತವೆ ಎಂಬ ಲೆಕ್ಕದಲ್ಲಿ ಮಾನುಯೆಲ್ ಡ್ರೀಸ್ ಜೊತೆ ರೋಹಿಣಿ ಗೋಡಬೋಲೆ ಅವರ ಕೆಲಸ ಇಂದಿಗೂ ಉಲ್ಲೇಖವಾಗುತ್ತದೆ. ಅವರು 1995ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಗ್ಲೂಆನುಗಳನ್ನ ಸೆರೆಯಿಂದ ಬಿಡಿಸೋ ದಾರಿಯೇ ಇಲ್ವಾ?

ಒಂದಿದೆ: ಬಿಸಿ. ತಾಪಮಾನ ಸುಮಾರು 1.8 ಲಕ್ಷ ಕೋಟಿ ಡಿಗ್ರಿ ದಾಟಿದರೆ, ಅಂದರೆ ಸೂರ್ಯನ ಒಡಲಿಗಿಂತ ಲಕ್ಷ ಪಟ್ಟಿಗೂ ಮೀರಿದರೆ, ಪ್ರೋಟಾನುಗಳ ಗಡಿ ಕರಗಿ ಕ್ವಾರ್ಕು, ಗ್ಲೂಆನುಗಳ ಸಾರಾಗುತ್ತದೆ. ವಿಶ್ವ ಹುಟ್ಟಿದ ಮೊದಲ ಕೆಲವು ಮೈಕ್ರೋಸೆಕೆಂಡು ಹೀಗೇ ಇತ್ತು. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ 2000ದಿಂದ ಚಿನ್ನದ ಬೀಜಗಳನ್ನು, ಎಲ್‌ಎಚ್‌ಸಿಯಲ್ಲಿ 2010ರಿಂದ ಸೀಸದ ಬೀಜಗಳನ್ನು ಡಿಕ್ಕಿ ಹೊಡೆಸಿ ಇದನ್ನು ಮಾಡಿದ್ದಾರೆ.

ಆವಿಯಂತಿರುತ್ತದೆ ಎಂದುಕೊಂಡಿದ್ದರು, ಸಿಕ್ಕಿದ್ದು ದ್ರವ, ಅದೂ ಸ್ನಿಗ್ಧತೆ ಅತಿ ಕಡಿಮೆಯದು. ಗುರುತು ಹಿಡಿಯಲು ಒಂದು ಉಪಾಯ ಜೆಟ್. ಎದುರುಬದುರು ಹುಟ್ಟಿದ ಎರಡು ಜೆಟ್‌ಗಳಲ್ಲಿ ಒಂದು ಅಂಚಿನಿಂದ ಬೇಗ ಹೊರಬರುತ್ತದೆ, ಇನ್ನೊಂದು ಸಾರಿನೊಳಗೆ ಹಾದು ಶಕ್ತಿ ಕಳೆದುಕೊಂಡು ಸೊರಗುತ್ತದೆ. ಎಲ್‌ಎಚ್‌ಸಿಯ ಆಲಿಸ್ ಪ್ರಯೋಗಕ್ಕೆ ಫೋಟಾನು ಎಣಿಸುವ ಡಿಟೆಕ್ಟರನ್ನು ಕಟ್ಟಿದ್ದು ಕೋಲ್ಕತ್ತಾದ ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಸೆಂಟರ್ ಮುಂದಾಳತ್ವದ ಭಾರತೀಯ ತಂಡ.

ಕ್ವಾರ್ಕೇ ಇಲ್ಲದೆ ಬರೀ ಗ್ಲೂಆನಿನಿಂದ ಮಾಡಿದ ಕಣ ಇರಬಹುದಾ?

ಸಿದ್ಧಾಂತದ ಪ್ರಕಾರ ಇರಬೇಕು. ಹೆಸರು ಗ್ಲೂಬಾಲ್. ಅತಿ ಹಗುರವಾದದ್ದು 1.7 ಜಿಇವಿ ಸುತ್ತ ಎಂದು ಗಣಕ ಲೆಕ್ಕ ಹೇಳುತ್ತದೆ. ತೊಂದರೆ ಏನೆಂದರೆ ಅದೇ ದ್ರವ್ಯರಾಶಿಯಲ್ಲಿ, ಅದೇ ಗುಣಗಳಿರುವ ಸಾಮಾನ್ಯ ಮೆಸಾನುಗಳೂ ಇವೆ, ಎಲ್ಲ ಬೆರೆತುಹೋಗುತ್ತವೆ. ಹಾಲಿಗೆ ನೀರು ಬೆರೆತ ಮೇಲೆ ನೀರು ಯಾವುದು ಎಂದು ಕೇಳಿದಂತೆ. ಎಫ್ ಸೊನ್ನೆ 1500, ಎಫ್ ಸೊನ್ನೆ 1710 ಎಂಬ ಕಣಗಳ ಮೇಲೆ ಬಹಳ ಕಾಲದಿಂದ ಅನುಮಾನವಿದೆ. ಚೀನಾದ ಬಿಇಎಸ್ 3 ತಂಡ 2024ರಲ್ಲಿ ಎಕ್ಸ್ 2370 ಎಂಬ ಕಣದ ಸ್ಪಿನ್ ಮತ್ತು ಸಮತೆಯನ್ನು (ಕನ್ನಡಿ ಬಿಂಬದಲ್ಲಿ ಅದು ಹೇಗೆ ಬದಲಾಗುತ್ತದೆ ಎಂಬುದನ್ನು) ಅಳೆದು, ಅದು ಗ್ಲೂಬಾಲ್ ನಿರೀಕ್ಷೆಗೆ ಹೊಂದುತ್ತದೆ ಎಂದಿತು. ಹೊಂದುವುದು ಬೇರೆ, ಅದೇ ಆಗಿರುವುದು ಬೇರೆ.

ಸಮೀಕರಣ ಗೊತ್ತಿದೆ ಅಂತೀರಿ. ಮತ್ತೆ ಪ್ರೋಟಾನಿನ ತೂಕ ಲೆಕ್ಕ ಹಾಕೋಕೆ ಸೂಪರ್ ಕಂಪ್ಯೂಟರ್ ಯಾಕೆ?

ಗುಣಾಂಕ ಚಿಕ್ಕದಿದ್ದರೆ ಮೊದಲ ಅಂದಾಜು, ಅದಕ್ಕೊಂದು ತಿದ್ದುಪಡಿ, ಮತ್ತೊಂದು ಎಂದು ಕೈಲೆಕ್ಕ ನಡೆಯುತ್ತದೆ. ಪ್ರೋಟಾನಿನ ಅಳತೆಯಲ್ಲಿ ಗುಣಾಂಕ ಒಂದರ ಹತ್ತಿರ. ಪ್ರತಿ ತಿದ್ದುಪಡಿಯೂ ಹಿಂದಿನಷ್ಟೇ ದೊಡ್ಡದು. ಕೆನೆತ್ ವಿಲ್ಸನ್ 1974ರಲ್ಲಿ ಬೇರೆ ದಾರಿ ತೋರಿಸಿದರು: ಜಾಗ ಮತ್ತು ಕಾಲವನ್ನು ಚುಕ್ಕಿ ರಂಗೋಲಿಯಂತೆ ಕತ್ತರಿಸಿ. ಚುಕ್ಕಿಗಳ ಮೇಲೆ ಕ್ವಾರ್ಕು, ಚುಕ್ಕಿ ಸೇರಿಸುವ ಗೆರೆಗಳ ಮೇಲೆ ಗ್ಲೂಆನು. ಚುಕ್ಕಿಗಳ ಅಂತರ 0.1 ಫರ್ಮಿ ಅಥವಾ ಅದಕ್ಕಿಂತ ಕಡಿಮೆ. ಪ್ರತಿ ಗೆರೆಗೂ 3×3ರ ಒಂದು ಮ್ಯಾಟ್ರಿಕ್ಸ್. 64×64×64×128 ಚುಕ್ಕಿಗಳೆಂದರೆ 3 ಕೋಟಿಗೂ ಮೀರಿ, ಪ್ರತಿಯೊಂದಕ್ಕೂ ನಾಲ್ಕು ಗೆರೆ.

ಇಲ್ಲಿ ಎಡವಟ್ಟು ಹೇಗೆಂದರೆ, ಅಂತರ ದೊಡ್ಡದಾದರೆ ಉತ್ತರ ಒರಟು, ಆದ್ದರಿಂದ ಮೂರ್ನಾಲ್ಕು ಅಂತರಗಳಲ್ಲಿ ಮಾಡಿ ಸೊನ್ನೆಯತ್ತ ಎಳೆಯಬೇಕು. ಪೆಟ್ಟಿಗೆ ಚಿಕ್ಕದಾದರೆ ಪಯಾನು ಗೋಡೆ ಸುತ್ತಿ ಬಂದು ತನ್ನನ್ನೇ ತಾಗುತ್ತದೆ. ಪೆಟ್ಟಿಗೆಯ ಅಗಲ ಪಯಾನಿನ ವ್ಯಾಪ್ತಿಯ ನಾಲ್ಕು ಪಟ್ಟಾದರೂ ಇರಲಿ ಎಂಬುದು ರೂಢಿ. 2008ರಲ್ಲಿ ಯುರೋಪಿನ ತಂಡವೊಂದು ಈ ಎಲ್ಲ ದೋಷಗಳನ್ನು ಹತೋಟಿಗೆ ತಂದು ಪ್ರೋಟಾನು ಮುಂತಾದ ಕಣಗಳ ದ್ರವ್ಯರಾಶಿಯನ್ನು ಶೇಕಡಾ ಕೆಲವರ ನಿಖರತೆಯಲ್ಲಿ ಪಡೆಯಿತು. ನ್ಯೂಟ್ರಾನ್ ತಾರೆಯಂಥ ದಟ್ಟ ವಸ್ತುವಿಗೆ ಮಾತ್ರ ಈ ವಿಧಾನ ಸೋಲುತ್ತದೆ: ಸಂಭವನೀಯತೆಯ ಜಾಗದಲ್ಲಿ ಸಂಕೀರ್ಣ ಸಂಖ್ಯೆಗಳು ಬಂದು ಒಂದನ್ನೊಂದು ಅಳಿಸಿಹಾಕುತ್ತವೆ.

ಪ್ರೋಟಾನಿನ ಸ್ಪಿನ್ ಲೆಕ್ಕ ಇನ್ನೂ ಮುಗಿದಿಲ್ಲ ಅಂತಾರೆ. ಮೂರು ಕ್ವಾರ್ಕ್ ಕೂಡಿಸಿದ್ರೆ ಸಾಲದಾ?

ಸಾಲದು ಎಂದು 1987ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಇಎಂಸಿ ಪ್ರಯೋಗ ತೋರಿಸಿತು. ಕ್ವಾರ್ಕುಗಳ ಸ್ಪಿನ್ ಸೇರಿ ಬರುವುದು ಸುಮಾರು ಮೂರನೆಯ ಒಂದು ಪಾಲು. ಉಳಿದದ್ದು ಗ್ಲೂಆನುಗಳ ಸ್ಪಿನ್ ಮತ್ತು ಎಲ್ಲರ ಸುತ್ತಾಟ. ಬ್ರೂಕ್‌ಹೇವನ್‌ನ ಧ್ರುವೀಕೃತ (ಸ್ಪಿನ್‌ಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದ) ಪ್ರೋಟಾನು ಡಿಕ್ಕಿಗಳಿಂದ ಗ್ಲೂಆನುಗಳ ಪಾಲು ಸೊನ್ನೆಯಲ್ಲ ಎಂದು ಗೊತ್ತಾಗಿದೆ. ಚಿಕ್ಕ ಸಂವೇಗದ ಗ್ಲೂಆನುಗಳನ್ನು ಅಳೆಯಲೆಂದೇ ಅಲ್ಲಿ ಎಲೆಕ್ಟ್ರಾನು, ಬೀಜ ಡಿಕ್ಕಿಯ ಹೊಸ ಯಂತ್ರಕ್ಕೆ 2020ರಲ್ಲಿ ಜಾಗ ಗೊತ್ತುಮಾಡಿದರು.

ಮನೆಯಲ್ಲೇ ಕೂತು ನಿಜವಾದ ಜೆಟ್ ದತ್ತಾಂಶ ನೋಡೋಕೆ ಆಗುತ್ತಾ? ಲ್ಯಾಪ್‌ಟಾಪ್ ಸಾಕಾ?

ಸಾಕು. ಸರ್ನ್ 2014ರಿಂದ ದತ್ತಾಂಶವನ್ನು ಸಾರ್ವಜನಿಕವಾಗಿ ಇಟ್ಟಿದೆ. ಎಲ್‌ಎಚ್‌ಸಿಯ ಸಿಎಂಎಸ್ ಪ್ರಯೋಗದ ನ್ಯಾನೋ ಎಒಡಿ ರೂಪದ ಕಡತ ಆರಿಸಿಕೊಳ್ಳಿ. ಒಂದು ಘಟನೆಗೆ ಒಂದೆರಡು ಕಿಲೋಬೈಟ್ ಅಷ್ಟೇ. ಪೈಥಾನ್‌ನಲ್ಲಿ ಅಪ್‌ರೂಟ್ ಎಂಬ ಗ್ರಂಥಾಲಯದಿಂದ ತೆರೆಯಬಹುದು. ಪ್ರತಿ ಜೆಟ್‌ಗೂ ಅಡ್ಡ ಸಂವೇಗ (ಕಿರಣಕ್ಕೆ ಲಂಬವಾದದ್ದು), ಈಟಾ (ಕಿರಣದ ದಿಕ್ಕಿಗೆ ಎಷ್ಟು ವಾಲಿದೆ ಎಂಬುದು), ಫೈ (ಕಿರಣದ ಸುತ್ತಲಿನ ಕೋನ) ಎಂಬ ಮೂರು ಸಂಖ್ಯೆಗಳಿವೆ. ಅಡ್ಡ ಸಂವೇಗ 30 ಜಿಇವಿ ಮೇಲಿನ, ಈಟಾ 2.4ರ ಒಳಗಿನ ಜೆಟ್‌ಗಳನ್ನು ಮಾತ್ರ ಇಟ್ಟುಕೊಂಡು, ಮೊದಲ ಎರಡರ ಜಂಟಿ ದ್ರವ್ಯರಾಶಿ ತೆಗೆಯಿರಿ. ಅದರ ವರ್ಗ ಹೀಗೆ: ಎರಡೂ ಅಡ್ಡ ಸಂವೇಗಗಳ ಗುಣಲಬ್ಧದ ಇಮ್ಮಡಿಯನ್ನು, ಈಟಾ ವ್ಯತ್ಯಾಸದ ಹೈಪರ್ಬೋಲಿಕ್ ಕೊಸೈನಿನಿಂದ ಫೈ ವ್ಯತ್ಯಾಸದ ಕೊಸೈನ್ ಕಳೆದು ಬರುವ ಸಂಖ್ಯೆಯಿಂದ ಗುಣಿಸಿ.

ಮೊದಲ ಸಲ ಮಾಡುವವರು ಒಂದು ದಿಬ್ಬ ಕಂಡು ಹೊಸ ಕಣ ಸಿಕ್ಕಿತೆಂದು ಹಿಗ್ಗುವುದುಂಟು. ಅದು ಬಹುಮಟ್ಟಿಗೆ ಟ್ರಿಗರ್‌ನ, ಅಂದರೆ ಯಾವ ಘಟನೆ ಉಳಿಸಬೇಕೆಂದು ಆಗಲೇ ಆರಿಸುವ ವ್ಯವಸ್ಥೆಯ, ಹೊಸ್ತಿಲು: ಕಡಿಮೆ ಶಕ್ತಿಯ ಘಟನೆಗಳನ್ನು ಯಂತ್ರವೇ ಎಸೆದಿದೆ, ಹೆಚ್ಚಿನದು ತಾನಾಗಿಯೇ ಇಳಿಯುತ್ತದೆ, ನಡುವೆ ಗೂನು ಕಾಣುತ್ತದೆ. ಒಂದೇ ಟ್ರಿಗರ್ ಆರಿಸಿ, ಅದರ ಹೊಸ್ತಿಲಿಗಿಂತ ಸಾಕಷ್ಟು ಮೇಲಿನಿಂದ ಶುರುಮಾಡಿ. ಇನ್ನೊಂದು, ಎರಡು ಜೆಟ್‌ಗಳ ನಡುವಿನ ದೂರ ಅಳೆಯುವಾಗ ಫೈ ವ್ಯತ್ಯಾಸ 3.14 ಮೀರಿದರೆ 6.28ರಿಂದ ಕಳೆಯುವುದನ್ನು ಮರೆಯಬೇಡಿ. ಮರೆತರೆ ಅಕ್ಕಪಕ್ಕದ ಜೆಟ್‌ಗಳು ದೂರದವೆಂದು ಲೆಕ್ಕಕ್ಕೆ ಬರುತ್ತವೆ. ದ್ರವ್ಯರಾಶಿಯ ಸೂತ್ರಕ್ಕೆ ಈ ತಾಪತ್ರಯ ಇಲ್ಲ, ಕೊಸೈನ್ ತಾನೇ ಸರಿಮಾಡಿಕೊಳ್ಳುತ್ತದೆ.